ಬಿರಡೆ ತೆಗೆಯದ ಬಾಟಲಿಯ ಒಡೆಯರಿಗೊಂದು ಬಹಿರಂಗ ಪತ್ರ

ಮುಂಬಯಿಯ ಗಾಜಿನ ಕಪಾಟುಗಳಲ್ಲಿ ಪೋರ್ಟ್ ಎಲೆನ್ ವಿಸ್ಕಿ ಕಾಪಿಟ್ಟಿರುವ ಮಹನೀಯರೇ,

ಕಳೆದ ಚಳಿಗಾಲ ಮುಲುಂಡಿನ ಗೆಳೆಯರೊಬ್ಬರ ಮನೆಯಲ್ಲಿ ಅಂಥದ್ದೊಂದು ಬಾಟಲಿಯ ಬಿರಡೆ ತೆಗೆದರು. 1979ರಲ್ಲಿ ಭಟ್ಟಿ ಇಳಿಸಿ, 22 ವರ್ಷ ಓಕ್ ಪೀಪಾಯಿಯಲ್ಲಿ ಮಾಗಿಸಿ, 2001ರಲ್ಲಿ ಬಾಟಲಿಗೆ ತುಂಬಿದ ಸಿಂಗಲ್ ಮಾಲ್ಟ್. ತಲೆಗೆ ಒಂದು ದೊಡ್ಡ ಚಮಚದಷ್ಟು ಬಂತು. ಮೇಲೆ ನಾಲ್ಕು ಹನಿ ನೀರು. ಮೊದಲು ಮೂಗಿಗೆ ಸಿಕ್ಕಿದ್ದು ಹೊಗೆ, ಆಮೇಲೆ ಉಪ್ಪುಗಾಳಿ, ನುಂಗಿದ ಎಷ್ಟೋ ಹೊತ್ತಿನ ಮೇಲೆ ನಿಂಬೆಸಿಪ್ಪೆಯ ಕಹಿ.

ನಮ್ಮ ಜೊತೆ ಒಬ್ಬ ಹಿರಿಯರಿದ್ದರು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮುಂದೆ ನಲವತ್ತು ವರ್ಷ ಪರ್ಮಿಟ್ ರೂಮಿನಲ್ಲಿ ಪರರಿಗೆ ಪೆಗ್ ಅಳೆದವರು. (1949ರ ಪಾನನಿರೋಧ ಕಾಯ್ದೆಯ ಪ್ರಕಾರ ಇಲ್ಲಿ ಕುಡಿಯಲು ಪರವಾನಗಿ ಬೇಕು, ಪರ್ಮಿಟ್ ರೂಮ್ ಎಂಬ ಹೆಸರು ಹುಟ್ಟಿದ್ದೇ ಅದರಿಂದ.) ಅವರು ಗ್ಲಾಸು ಮೂಸಿ ಕಣ್ಣು ಮುಚ್ಚಿದರು. “ಇದ್ ನಮ್ಮನಿ ಬಚ್ಚಲೊಲಿ ಹೊಗಿ, ಕಾಣಿ” ಎಂದರು. ಪುಸ್ತಕ ಓದಿಕೊಂಡು ಬಂದಿದ್ದ ನಮ್ಮಲ್ಲಿ ಯಾರಿಗೂ ಅಷ್ಟು ಸರಿಯಾದ ಮಾತು ಹೊಳೆದಿರಲಿಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಮೊಳಕೆ ಬಾರ್ಲಿಯನ್ನು ಒಣಗಿಸುವಾಗ ಪೀಟ್ ಉರಿಸುತ್ತಾರೆ. ಜೌಗುನೆಲದಲ್ಲಿ ಸಾವಿರಾರು ವರ್ಷ ಬಿದ್ದು ಗಟ್ಟಿಯಾದ ಗಿಡಗಂಟಿ ಅದು. ಬಚ್ಚಲೊಲೆಗೆ ಹಾಕುವ ಒದ್ದೆ ತೆಂಗಿನಸಿಪ್ಪೆಯ ಹಾಗೆಯೇ ಉರಿಗಿಂತ ಹೊಗೆ ಜಾಸ್ತಿ.

ಆ ದ್ವೀಪದ ಪೋರ್ಟ್ ಎಲೆನ್ ಭಟ್ಟಿ ಶುರುವಾದದ್ದು 1825ರಲ್ಲಿ, ಬಾಗಿಲು ಹಾಕಿದ್ದು 1983ರಲ್ಲಿ. ಮಾರುಕಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ವಿಸ್ಕಿ ಗೋದಾಮುಗಳಲ್ಲಿ ತುಂಬಿಹೋಗಿತ್ತು. ಐಲಾದಲ್ಲಿದ್ದ ತನ್ನ ಮೂರು ಭಟ್ಟಿಗಳಲ್ಲಿ ಒಡೆತನದ ಕಂಪನಿ ಎರಡನ್ನು ಉಳಿಸಿಕೊಂಡು ಇದನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ಇಲ್ಲಿ, 1982ರ ಜನವರಿ 18ರಂದು ಆರಂಭವಾದ ಬಟ್ಟೆಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಮುಂಬಯಿಯ ಗಿರಣಿ ಪ್ರದೇಶ ಗಿರಣಗಾಂವ್ ಸ್ತಬ್ಧವಾಗಿತ್ತು. ಆ ಹಿರಿಯರ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಗಿರಣಿಯವರೇ. ಎಷ್ಟೋ ಮಂದಿ ಮತ್ತೆ ಬರಲಿಲ್ಲ ಎಂದು ಅಂದು ಗ್ಲಾಸು ಕೆಳಗಿಟ್ಟು ಹೇಳಿದರು.

ನಿಮಗೆ ಗೊತ್ತಿರುವುದನ್ನೇ ನೆನಪಿಸುತ್ತಿದ್ದೇನೆ: ವಿಸ್ಕಿ ಮಾಗುವುದು ಮರದಲ್ಲಿ, ಗಾಜಿನಲ್ಲಲ್ಲ. ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾಗುತ್ತದೆ. ಬೆಂಗಳೂರಿನ ಅಮೃತ್ ಭಟ್ಟಿಯಲ್ಲಿ ಹತ್ತು, ಹನ್ನೆರಡು. ಸ್ಕಾಟ್ಲೆಂಡಿನ ಲೆಕ್ಕದಲ್ಲಿ 22 ವರ್ಷಕ್ಕೆ ಮೂರನೇ ಒಂದು ಪಾಲಿಗೂ ಮಿಕ್ಕಿ ಗಾಳಿಯ ಪಾಲಾಗಿ, ಉಳಿದದ್ದು ನಿಮ್ಮ ಕೈ ಸೇರಿದೆ. ಇನ್ನು ಹತ್ತು ವರ್ಷ ಕಪಾಟಿನಲ್ಲಿಟ್ಟರೂ ಅದರ ರುಚಿಗೆ ಒಂದು ದಿನದ ವಯಸ್ಸೂ ಸೇರುವುದಿಲ್ಲ. ಸೇರುವುದು ಬೆಲೆ ಮಾತ್ರ. ಬಿರಡೆಯೋ, ವರ್ಷದಿಂದ ವರ್ಷಕ್ಕೆ ಒಣಗುತ್ತದೆ.

2024ರ ಮಾರ್ಚಿನಲ್ಲಿ ಪೋರ್ಟ್ ಎಲೆನ್ ಮತ್ತೆ ತೆರೆಯಿತು. ನನಗೆ ಸಂತೋಷವೇ. ಆದರೆ ಹಂಡೆಗಳು ಹೊಸವು, ಕೈಗಳು ಹೊಸವು. 1979ರದ್ದು ಇರುವಷ್ಟೇ. ತಯಾರಿಸಿದವರು ಅದನ್ನು ಯಾರಾದರೂ ಕುಡಿಯಲೆಂದೇ ತಯಾರಿಸಿದ್ದರು.

ಆದ್ದರಿಂದ ಈ ಮಳೆಗಾಲ ಮುಗಿಯುವ ಮುಂಚೆ ತೆರೆಯಿರಿ. ತೆರೆದ ಮೇಲೆ ಅರ್ಧ ಬಾಟಲಿ ಉಳಿಸಿ ವರ್ಷಗಟ್ಟಲೆ ಇಡಬೇಡಿ, ಗಾಳಿ ತಾಗಿ ಸಪ್ಪೆಯಾದೀತು. ಐದಾರು ಜನರನ್ನು ಕರೆಯಿರಿ. ಅವರಲ್ಲಿ ಒಬ್ಬರು, ನಿಮ್ಮ ಬಡಾವಣೆಯ ಬಾರಿನಲ್ಲಿ ಇಷ್ಟು ವರ್ಷ ನಿಮಗೆ ಸುರಿದುಕೊಟ್ಟವರಾಗಿರಲಿ. ಮೊದಲ ಗ್ಲಾಸು ಅವರಿಗೆ ಕೊಡಿ.