ಸಮ ಆದ್ಮೇಲೆ ಸೋತಿದ್ದು ಹೆಂಗೆ?

ನಮ್ಮಕ್ಕನನ್ನು ಕೊಟ್ಟಿದ್ದು ಶಿಕಾರಿಪುರಕ್ಕೆ. ಹಾಗಾಗಿ ದೀಪಾವಳಿಗೆ ಭಾವ ಸೊರಬಕ್ಕೆ ಬರುವುದು, ಬಂದವರು ಕಾಲು ತೊಳೆದು ಒಳಗೆ ಕೂರುವ ಮೊದಲೇ ನನ್ನನ್ನು ಕೆಣಕುವುದು, ಎರಡೂ ನಮ್ಮ ಮನೆಯ ವಾಡಿಕೆ. ಕೆಣಕಲಿಕ್ಕೆ ಅವರ ಹತ್ತಿರ ಇರುವುದು ಒಂದೇ ಪ್ರಶ್ನೆ. ವರ್ಷ ವರ್ಷವೂ ಅದನ್ನೇ ತೊಳೆದು ಒರೆಸಿ ತರುತ್ತಾರೆ.

“ಅಲ್ಲ ಮಾರಾಯ, ಒಂದು-ಒಂದು ಸಮ ಆದ್ಮೇಲೆ ನಿಮ್ಮೋರು ಸೋತಿದ್ದು ಹೆಂಗೆ?”

ಕೇಳುತ್ತಿರುವುದು 2015ರ ಮೇ 31ರ ಫುಟ್‌ಬಾಲ್ ಮ್ಯಾಚಿನ ವಿಷಯ. ಐ-ಲೀಗಿನ ಕೊನೆಯ ದಿನ, ಭಾನುವಾರ, ಬೆಂಗಳೂರಿನ ಕಂಠೀರವ. ಒಂದು ಕಡೆ ನಮ್ಮ ಬೆಂಗಳೂರು ಎಫ್‌ಸಿ, 2013ರಲ್ಲಿ ಹುಟ್ಟಿದ ಕೂಸು. ಇನ್ನೊಂದು ಕಡೆ 1889ರ ಮೋಹನ್ ಬಾಗಾನ್. 1911ರಲ್ಲಿ ಬರಿಗಾಲಲ್ಲಿ ಬ್ರಿಟಿಷ್ ಪಲ್ಟನ್ನಿನ ತಂಡವನ್ನು ಸೋಲಿಸಿ ಶೀಲ್ಡ್ ಎತ್ತಿಕೊಂಡು ಹೋದ ಮುತ್ತಜ್ಜ. (ಹನ್ನೊಂದು ಜನರಲ್ಲಿ ಒಬ್ಬ ಬೂಟು ಹಾಕಿದ್ದನಂತೆ. ಅವನೊಬ್ಬನಿಗಾಗಿ ಕಥೆ ಕೆಡಿಸುವುದು ಬೇಡ.) ಮುತ್ತಜ್ಜನಿಗೆ ರಾಷ್ಟ್ರೀಯ ಲೀಗ್ ಒಲಿಯದೆ ಹದಿಮೂರು ವರ್ಷವಾಗಿತ್ತು. ನಮ್ಮ ಕೂಸು ಆಡಿದ ಮೊದಲ ವರ್ಷವೇ ಅದನ್ನು ಗೆದ್ದು ಮನೆಯಲ್ಲಿಟ್ಟುಕೊಂಡಿತ್ತು. ಅಹಂಕಾರ ಬರದೆ ಇರುತ್ತದೆಯೆ? ಬಂದಿತ್ತು. ಆಟಗಾರರಿಗೆ ಬಂದಿತ್ತೋ ಇಲ್ಲವೋ, ನನಗಂತೂ ಬಂದಿತ್ತು.

ಲೆಕ್ಕ ಹೀಗಿತ್ತು. ಹತ್ತೊಂಬತ್ತು ಆಟ ಮುಗಿದಾಗ ಅವರದ್ದು 38 ಪಾಯಿಂಟು, ನಮ್ಮದು 36. ಗೆದ್ದರೆ ಮೂರು, ಸಮವಾದರೆ ತಲಾ ಒಂದು. ಅಂದರೆ ನಾವು ಗೆಲ್ಲಲೇಬೇಕು, ಅವರಿಗೆ ಸಮ ಸಾಕು. ಇಷ್ಟನ್ನು ಭಾವನಿಗೆ ಅಡಿಕೆ ಗೋಟು ಎಣಿಸಿ ತೋರಿಸಿದ್ದೇನೆ, ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದ್ದೇನೆ. ಅಡಿಕೆಯ ರೇಟು ಕೇಳಿದರೇ ಹೊರತು ಲೆಕ್ಕ ಕೇಳಲಿಲ್ಲ.

“ನಮ್ಮ ಹೋರಿ ಹಬ್ಬದಲ್ಲಿ ಹಿಂಗೆಲ್ಲ ಇಲ್ಲಪ್ಪ” ಎನ್ನುತ್ತಾರೆ. “ಓಡೋ ಹೋರಿಯ ಕೊರಳ ಕೊಬ್ಬರಿ ಯಾರಾದ್ರೂ ಹರಿದ್ರೆ ಹೋರಿ ಸೋತಂಗೆ. ಹರೀಲಿಲ್ಲ ಅಂದ್ರೆ ಗೆದ್ದಂಗೆ. ನಡುವೆ ಮತ್ತೊಂದಿಲ್ಲ.”

ಸರಿ, ಹೋರಿ ಹಬ್ಬದ ಲೆಕ್ಕದಲ್ಲೇ ಹೇಳುತ್ತೇನೆ ಕೇಳಿ. ಆವತ್ತು ಕಂಠೀರವದಲ್ಲಿ ಮಳೆ. ಮೇಲೆ ನೀರು, ಕೆಳಗೆ ನೀರು, ನಡುವೆ ನೀಲಿ ಅಂಗಿ ತೊಟ್ಟು ಗಂಟಲು ಹರಿದುಕೊಳ್ಳುತ್ತಿದ್ದ ನಾವು. ಹಸಿರು-ಕೆಂಗಂದು ಬಾವುಟ ಹಿಡಿದ ಬಾಗಾನಿನವರೂ ಕಮ್ಮಿ ಇರಲಿಲ್ಲ. ಬೆಂಗಳೂರಿನಲ್ಲಿ ಇಷ್ಟು ಬಂಗಾಳಿಗಳಿದ್ದಾರೆ ಎಂದು ನನಗೆ ಗೊತ್ತಾಗಿದ್ದೇ ಆವತ್ತು. 41ನೇ ನಿಮಿಷಕ್ಕೆ ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದ. ಇಂಗ್ಲೆಂಡಿನವನು, ಹಿಂದೆ ನಿಂತು ಮನೆ ಕಾಯುವ ಕೆಲಸ ಅವನದು, ಮುಂದೆ ಹೋಗಿ ಮನೆ ಒಡೆದು ಬಂದ. ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ನನ್ನನ್ನು ಎತ್ತಿಬಿಟ್ಟ. ಭಾವ ಮದುವೆಯಲ್ಲೂ ನನ್ನನ್ನು ಹಾಗೆ ಅಪ್ಪಿಕೊಂಡವರಲ್ಲ.

ಅಲ್ಲಿಂದ ನಮ್ಮ ಹೋರಿ ಕೊಬ್ಬರಿ ಹಾರ ಉಳಿಸಿಕೊಂಡು ಓಡುತ್ತಲೇ ಇತ್ತು. ಐವತ್ತಾಯಿತು, ಎಪ್ಪತ್ತಾಯಿತು, ಎಂಬತ್ತಾಯಿತು. ಅಖಾಡದ ತುದಿ ಕಾಣುತ್ತಿತ್ತು. ನಾನು ಮನಸ್ಸಿನಲ್ಲೇ ಚಂದ್ರಗುತ್ತಿ ರೇಣುಕಾಂಬೆಗೆ ಹಣ್ಣುಕಾಯಿ ಹೇಳಿಕೊಂಡೆ. ಅಲ್ಲೇ ತಪ್ಪಾಯಿತೇನೋ, ಆ ಕಡೆಯವರು ಕಾಳಿಗೆ ಹೇಳಿಕೊಂಡಿದ್ದರೆಂದು ಕಾಣುತ್ತದೆ. 87ನೇ ನಿಮಿಷ. ಹೈಟಿ ದೇಶದ ಸೋನಿ ನಾರ್ಡೆ ಕಾರ್ನರ್ ಹೊಡೆದ. ನೈಜೀರಿಯಾದ ಬೆಲ್ಲೋ ರಜಾಕ್ ಎಗರಿ ತಲೆ ಕೊಟ್ಟ. ಅವನೂ ಮನೆ ಕಾಯುವವನೇ. ಚೆಂಡು ಒಳಗೆ. ತುದಿಯಲ್ಲಿ ಒಂದೇ ಕೈ ಬಂದು ಕೊಬ್ಬರಿ ಹರಿದುಕೊಂಡು ಹೋದ ಹಾಗೆ.

ಒಂದು-ಒಂದು. ಅವರಿಗೆ 39, ನಮಗೆ 37. ಕಪ್ಪು ಕೋಲ್ಕತ್ತಾ ರೈಲು ಹತ್ತಿತು, ನಾನು ಒದ್ದೆ ಅಂಗಿಯಲ್ಲೇ ಸೊರಬದ ಬಸ್ಸು ಹತ್ತಿದೆ. ಆ ಗೋಲು ನ್ಯಾಯವಲ್ಲ ಎಂದು ಅವತ್ತಿನಿಂದ ಹೇಳುತ್ತಲೇ ಇದ್ದೇನೆ. 86 ನಿಮಿಷ ಕಾದವರಿಗೆ ಬೆಲೆ ಇಲ್ಲವೆ? ಮೂರು ನಿಮಿಷದ ಗೋಲೂ ಒಂದು ಗೋಲೆ?

ಹೋದ ದೀಪಾವಳಿಗೆ ಭಾವನಿಗೆ ತಿಳಿಯುವ ಭಾಷೆಯಲ್ಲೇ ಹೇಳಿ ಮುಗಿಸೋಣವೆಂದುಕೊಂಡೆ. “ಭಾವ, ನಮ್ಮ ತಾಲ್ಲೂಕು ಬಂಗಾರಪ್ಪನವರನ್ನು ಕೊಟ್ಟಿತು, ನಿಮ್ಮದು ಯಡಿಯೂರಪ್ಪನವರನ್ನು ಕೊಟ್ಟಿತು. ಇಬ್ಬರೂ ಮುಖ್ಯಮಂತ್ರಿಗಳು. ಒಂದು-ಒಂದು. ಸಮ ತಾನೆ?”

ಭಾವ ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿದರು. “ಸಮ ಹೆಂಗಾಗ್ತದೆ? ನಮ್ಮೋರು ನಾಲ್ಕು ಸಲ ಪ್ರಮಾಣ ವಚನ ತಗಂಡಾರೆ!”

“ಹಾಂ, ಈಗ ದಾರಿಗೆ ಬಂದ್ರಿ. ಇದಕ್ಕೇ ಪಾಯಿಂಟ್ ಪಟ್ಟಿ ಅನ್ನೋದು. ಎದುರಾಬದುರು ಸಮ ಇದ್ರೂ ಒಟ್ಟು ಲೆಕ್ಕದಲ್ಲಿ ಒಬ್ರು ಮೇಲೆ ಇರ್ತಾರೆ” ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ನಾಲಿಗೆ ಕೇಳಬೇಕಲ್ಲ. “ಆದ್ರೂ ಭಾವ, 2007ರದ್ದು ಏಳೇ ದಿನ. 2018ರದ್ದು ಮೇ 17ಕ್ಕೆ ಪ್ರಮಾಣ, 19ಕ್ಕೆ ರಾಜೀನಾಮೆ. ಅದನ್ನೂ ಲೆಕ್ಕಕ್ಕೆ ಹಿಡಿಯೋದಾ?”

“ಹಿಡೀಬೇಕು” ಎಂದರು ಭಾವ, ಸುಣ್ಣ ಹಚ್ಚುತ್ತಾ. “ಗೋಲು ಅಂದ್ರೆ ಗೋಲು. ಎಷ್ಟು ಹೊತ್ತು ನಿಂತಿತ್ತು ಅಂತ ಯಾರಾದ್ರೂ ಕೇಳ್ತಾರಾ? ನಿನ್ನ 87ನೇ ನಿಮಿಷದ್ದೂ ಹಂಗೇ.”

ಒಳಗಿನಿಂದ ಅಕ್ಕ ನಕ್ಕಿದ್ದು ಕೇಳಿಸಿತು. ಹೋಳಿಗೆ ಬಡಿಸುವಾಗ ಗಂಡನಿಗೆ ಒಂದು ಹೆಚ್ಚು ಹಾಕಿದಳು.

ಆ ಮ್ಯಾಚಿನ ಮರುವರ್ಷ, 2016ರಲ್ಲಿ, ಬೆಂಗಳೂರು ಎಫ್‌ಸಿ ಮತ್ತೆ ಲೀಗ್ ಗೆದ್ದಿತು. ಅದರ ಬಗ್ಗೆ ಭಾವ ಇವತ್ತಿನವರೆಗೂ ಒಂದು ಮಾತು ಕೇಳಿಲ್ಲ.