ಮೂರು ಬಾರ್, ಎರಡು ಅರಸೀಕೆರೆ

ಅರಸೀಕೆರೆ ಎಂದರೆ ನಾಡಿಗೆಲ್ಲ ನೆನಪಾಗುವುದು ಹಾಸನ ಜಿಲ್ಲೆಯದು. ರೈಲ್ವೆ ಜಂಕ್ಷನ್, ತೆಂಗಿನಕಾಯಿ, ಹೆಸರು. ನಮ್ಮದು ಇನ್ನೊಂದು, ಹರಪನಹಳ್ಳಿ ತಾಲ್ಲೂಕಿನದು. ನಾವು ಕೂತ ಜಾಗ ಬಿಟ್ಟು ಏಳಲಿಲ್ಲ, ಜಿಲ್ಲೆಗಳೇ ಬಂದು ಹೋದವು. 1997ರವರೆಗೆ ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಇದನ್ನೇಕೆ ಮೊದಲೇ ಹೇಳಿದೆನೆಂದರೆ ಮುಂದೆ ಒಂದು ಪಾರ್ಸೆಲ್ಲಿನ ಕಥೆ ಬರುತ್ತದೆ.

ನನ್ನ ಹತ್ತಿರ 2002ರ ಮಾರುತಿ ಎಸ್ಟೀಮ್ ಇದೆ. ನಾನು ಮೂರನೆಯ ಮಾಲೀಕ, ನಾಲ್ಕನೆಯವನು ಸಿಗಲಿಲ್ಲ. ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ಗುಡಿಯ ಶಿಖರಕ್ಕೆ ಎಣ್ಣೆ ಎರೆಯುವ ಉತ್ಸವಕ್ಕೆ ಹೋಗಿದ್ದೆವು. ಶಿಖರಕ್ಕೆ ಎಣ್ಣೆ ಹರಿಯಿತು, ವಾಪಸು ಬರುವಾಗ ನಮ್ಮ ಎಂಜಿನ್ನಿಗೆ ಪೆಟ್ರೋಲ್ ಹರಿಯಲಿಲ್ಲ. ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದ್ದೇ ತಪ್ಪಾಯಿತು. ಕೀ ತಿರುಗಿಸಿದರೆ ಗರಗರ ಅನ್ನುವುದು, ಹತ್ತುವುದಿಲ್ಲ. ನಾಲ್ಕೈದು ಸಲ ಕೀ ಆನ್ ಮಾಡಿ ಆಫ್ ಮಾಡಿದ ಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ಹತ್ತಿತು. ಮರುದಿನ ಬೆಳಿಗ್ಗೆಯೂ ಇದೇ ಆಟ.

ಪ್ಲಗ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಬ್ಯಾಟರಿ ಬದಲಾಯಿಸಿದೆ. ಕಾರಿನ ಬುದ್ಧಿ ಬದಲಾಗಲಿಲ್ಲ. ಮೆಕ್ಯಾನಿಕ್ ಬಾನೆಟ್ ತೆಗೆಯುವ ಮೊದಲೇ, “ಪಂಪ್ ಹೋಗೇತಿ ಸರ್, ಹೊಸಾದು ಹಾಕಿಬಿಡ್ರಿ” ಎಂದ. ಕಾರ್ಬುರೇಟರ್ ಕಾಲದಲ್ಲಾದರೆ ಇಂಥ ಮಾತಿಗೆ ಬೆಲೆಯಿತ್ತು. ಜೆಟ್ ಬಿಚ್ಚಿ ಬಾಯಿಂದ ಊದಿದರೆ ಅರ್ಧ ರೋಗ ಅಲ್ಲೇ ಬಿಟ್ಟುಹೋಗುತ್ತಿತ್ತು. ಎಂಪಿಎಫ್‌ಐ ಗಾಡಿಯಲ್ಲಿ ಊದುವುದಕ್ಕೇನಿದೆ? ಟ್ಯಾಂಕಿನೊಳಗಿನ ಪಂಪು ಪೆಟ್ರೋಲನ್ನು ಒತ್ತಡದಲ್ಲಿ ಇಂಜೆಕ್ಟರ್‌ಗಳ ಬಾಗಿಲಿಗೆ ತಂದು ನಿಲ್ಲಿಸಬೇಕು. ಆ ಒತ್ತಡ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಅಳೆಯಬೇಕು.

ಬೆಂಗಳೂರಿನಲ್ಲಿರುವ ತಮ್ಮನ ಮಗನಿಗೆ ಫೋನು ಮಾಡಿದೆ. “ಹೆಚ್ಚುಕಡಿಮೆ ಮೂರು ಬಾರ್ ಇರಬೇಕು ದೊಡ್ಡಪ್ಪ” ಎಂದ. ನಾನು ಜೋರಾಗಿ, “ಮೂರು ಬಾರಾ? ಎರಡಾದರೆ ಸಾಲದಾ?” ಎಂದೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. “ರಿಟೈರ್ ಆದಮ್ಯಾಲೆ ಇದೊಂದು ಬಾಕಿ ಇತ್ತೇನ್ರಿ?” ಅಂದಿನಿಂದ ಮನೆಯಲ್ಲಿ ಪೌಂಡಿನ ಲೆಕ್ಕವೇ. ಒಂದು ಬಾರಿಗೆ ಹದಿನಾಲ್ಕೂವರೆ ಪೌಂಡು. ಮೂರಕ್ಕೆ ನಲವತ್ತಮೂರು, ನಲವತ್ತನಾಲ್ಕು. ಟೈರಿಗೆ ಹಾಕಿಸುವ ಗಾಳಿಗಿಂತ ಒಂದಿಷ್ಟು ಜಾಸ್ತಿ, ಅಷ್ಟೇ.

ಅಷ್ಟೇ ಎಂದದ್ದು ಪಂಕ್ಚರ್ ಅಂಗಡಿಯವನ ಕಿವಿಗೆ ಬಿತ್ತು. ತನ್ನ ಗಾಳಿ ಮೀಟರನ್ನು ಗೌಂಡಿಗಳ ಲೆವೆಲ್ ಪೈಪಿಗೆ ಸಿಕ್ಕಿಸಿ ನೋಡೋಣ ಎಂದ. ಕಾದ ಎಂಜಿನ್ನಿನ ಪಕ್ಕ ನಲವತ್ತು ಪೌಂಡಿನ ಪೆಟ್ರೋಲು, ನಡುವೆ ಒಂದು ಪಾರದರ್ಶಕ ಪ್ಲಾಸ್ಟಿಕ್ಕು! ಕೈಮುಗಿದು ಬಂದೆ.

ಒತ್ತಡ ಅಳೆಯುವ ಟೆಸ್ಟರು ಕೊಳ್ಳಲು ಹೊರಟರೆ ಅವುಗಳದ್ದೇ ಒಂದು ಜಾತ್ರೆ. ಕೆಂಪು ಪೆಟ್ಟಿಗೆಯೊಳಗೆ ಇಪ್ಪತ್ತು ಹಿತ್ತಾಳೆ ತುಂಡುಗಳನ್ನು ಮದುವೆ ಮನೆಯ ಮುಯ್ಯಿಯಂತೆ ಜೋಡಿಸಿಟ್ಟಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಬೇರೆ ದೇಶದ ಕಾರುಗಳಿಗೆ. ಅಮೆರಿಕದ ಎಷ್ಟೋ ಕಾರುಗಳ ಇಂಧನ ರೈಲಿನಲ್ಲಿ ಟೈರಿನ ವಾಲ್ವಿನಂಥದೇ ಮೂತಿ ಇರುತ್ತದೆ, ತಿರುಗಿಸಿ ಹಾಕಿದರೆ ಆಯಿತು. ನನ್ನ ಎಸ್ಟೀಮಿಗೆ ಆ ಭಾಗ್ಯವಿಲ್ಲ. ಪೈಪು ಬಿಡಿಸಿ ನಡುವೆ ಟೀ ಜಾಯಿಂಟ್ ಕೂರಿಸಬೇಕು. ಹಾಗಾಗಿ ತುಂಡುಗಳ ಸಂಖ್ಯೆ ನೋಡಿ ಮರುಳಾಗದೆ, ನಮ್ಮ ಪೈಪಿನ ಅಳತೆಯ ಟೀ ಇದೆಯೇ ಎಂದಷ್ಟೇ ನೋಡಿದೆ. ಡಯಲ್ ನೂರು ಪೌಂಡಿನದಾದರೆ ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ. ಮುನ್ನೂರರದು ಕೊಂಡರೆ ಶೇಂಗಾ ಚೀಲ ತೂಗುವ ತಕ್ಕಡಿಯಲ್ಲಿ ಏಲಕ್ಕಿ ತೂಗಿದಂತೆ. ಪೈಪು ಇಂಜೆಕ್ಷನ್ ಗಾಡಿಗೆಂದೇ ಮಾಡಿದ್ದಿರಬೇಕು. ಕೊನೆಗೆ ಪೆಟ್ರೋಲನ್ನು ಸೀಸೆಗೆ ಇಳಿಸಲು ಒಂದು ಗುಂಡಿ. ಅದಿಲ್ಲದಿದ್ದರೆ ಬಿಚ್ಚುವಾಗ ಅಂಗಿಯ ಮೇಲೇ ಅಭಿಷೇಕ.

ದುಡ್ಡು ಕಟ್ಟಿದೆ. ಮೂರನೇ ದಿನ ‘ಪಾರ್ಸೆಲ್ ಅರಸೀಕೆರೆ ತಲುಪಿದೆ’ ಎಂದು ಮೆಸೇಜು ಬಂತು. ಓಡಿದೆ. ತಲುಪಿದ್ದು ಆ ಅರಸೀಕೆರೆ. ಟೆಸ್ಟರು ಅಲ್ಲಿ ನಾಲ್ಕು ದಿನ ತೆಂಗಿನ ಗಾಳಿ ಸೇವಿಸಿ, ದಾವಣಗೆರೆ ನೋಡಿಕೊಂಡು ನಮ್ಮೂರಿಗೆ ಬಂತು.

ಈ ನಡುವೆ ಕಟ್ಟೆಯ ಮೇಲಿನ ಒಬ್ಬ ಅಜ್ಜ ಎಲ್ಲ ಕೇಳಿಸಿಕೊಂಡು, “ಫುಟ್‌ವಾಲ್ವ್ ಕಚ್ತಿಲ್ಲ ತಗಾ” ಎಂದಿದ್ದ. ತೆರೆದ ಬಾವಿಗೆ ಪಂಪು ಕೂರಿಸಿದವರ ಮಾತು ಅದು. ತಳದ ವಾಲ್ವ್ ಸೋರಿದರೆ ಪೈಪಿನ ನೀರೆಲ್ಲ ಬಾವಿಗಿಳಿದು, ಬೆಳಿಗ್ಗೆ ಕೊಡದಿಂದ ನೀರು ಹೊಯ್ದ ಮೇಲೇ ಪಂಪು ಎತ್ತುವುದು. ಕಾರಿನಲ್ಲೂ ಫುಟ್‌ವಾಲ್ವೇ ಎಂದು ನಾವೆಲ್ಲ ನಕ್ಕೆವು.

ಎಂಜಿನ್ ಓಡುತ್ತಿರುವಾಗಲೇ ಪಂಪಿನ ಫ್ಯೂಸ್ ಕಿತ್ತು, ತಾನಾಗಿ ಆರಲು ಬಿಟ್ಟು, ಪೈಪಿನ ಒತ್ತಡ ಇಳಿಸಿದೆವು. ಟೀ ಕೂರಿಸಿ, ಫ್ಯೂಸ್ ಹಾಕಿ, ಕೀ ಆನ್ ಮಾಡಿದರೆ ಮುಳ್ಳು ನಲವತ್ತೆರಡಕ್ಕೆ ನೆಗೆಯಿತು. ಎಂಜಿನ್ ಹತ್ತಿದಾಗ ಮೂವತ್ತೈದು; ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ತೆಗೆದರೆ ಮತ್ತೆ ನಲವತ್ತೆರಡು. ಪಂಪು ಗಟ್ಟಿ! ನಾನು ಮೆಕ್ಯಾನಿಕ್ಕಿನ ಮುಖ ನೋಡಿದೆ. ಎಂಜಿನ್ ಆರಿಸಿದೆವು. ಕೆಲವು ನಿಮಿಷವಾದರೂ ನಿಲ್ಲಬೇಕಾದ ಮುಳ್ಳು ನಾನು ಚಹಾದ ಲೋಟ ಕೆಳಗಿಡುವಷ್ಟರಲ್ಲಿ ಸೊನ್ನೆ. ವಾಪಸು ಪೈಪನ್ನು ಅದುಮಿ ಹಿಡಿದರೂ ಇಳಿಯಿತು. ಟ್ಯಾಂಕಿನಿಂದ ಬರುವ ಪೈಪನ್ನು ಅದುಮಿದಾಗ ನಿಂತಿತು. ಅಂದರೆ ಇಂಜೆಕ್ಟರ್ ಸೋರುತ್ತಿಲ್ಲ, ರೆಗ್ಯುಲೇಟರೂ ಅಲ್ಲ. ಪೆಟ್ರೋಲು ಹಿಂದಕ್ಕೆ ಟ್ಯಾಂಕಿಗೇ ಜಾರುತ್ತಿದೆ. ಒತ್ತಡ ಹೋದ ಪೆಟ್ರೋಲು ಉಜ್ಜಿನಿ ಬಿಸಿಲಿಗೆ ಕಾದ ಎಂಜಿನ್ನಿನ ಮೇಲೆ ಆವಿಯಾಗದೆ ಇನ್ನೇನಾದೀತು? ಅಜ್ಜನ ಫುಟ್‌ವಾಲ್ವ್!

ಆ ವಾಲ್ವ್ ಇರುವುದು ಪಂಪಿನೊಳಗೇ. ಬೇರೆಯಾಗಿ ಸಿಗುವುದಿಲ್ಲ. ಪಂಪೇ ಹೊಸದು ಹಾಕಿಸಬೇಕಾಯಿತು.

“ನಾ ಅವತ್ತ ಹೇಳ್ಲಿಲ್ಲೇನ್ರಿ ಸರ್?” ಎಂದ ಮೆಕ್ಯಾನಿಕ್. ಹೇಳಿದ್ದ. ಅವನದು ಊಹೆ, ನನ್ನದು ಲೆಕ್ಕ. ಬಿಲ್ಲು ಮಾತ್ರ ನನ್ನದೇ ಜಾಸ್ತಿ, ಒಂದು ಟೆಸ್ಟರಿನಷ್ಟು.

ಆ ಕೆಂಪು ಪೆಟ್ಟಿಗೆ ಈಗ ಅಟ್ಟದ ಮೇಲಿದೆ. ಸುತ್ತಿನ ಹಳ್ಳಿಗಳಲ್ಲಿ ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು ಬಂದು ಒಯ್ಯಬಹುದು, ಬಾಡಿಗೆಯಿಲ್ಲ. ಕಾಮನ್‌ರೈಲ್ ಡೀಸೆಲ್ ಗಾಡಿಯವರು ದಯವಿಟ್ಟು ಕೇಳಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಬರುವವರು ಹರಪನಹಳ್ಳಿ ದಾರಿ ಹಿಡಿದು ಬನ್ನಿ, ಹಾಸನದ ಬಸ್ಸು ಹತ್ತಬೇಡಿ.