ಒಂದು ತೊಲದ ಗುಂಡು

ಬೆಳಿಗ್ಗೆ ದಾಸವಾಳಕ್ಕೆ ನೀರು ಬಿಡ್ತಾ ಇದ್ದೆ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಅಕ್ಕಸಾಲಿ ಆಚಾರ್ರು ಕರೆದರು. "ಸ್ವಾಮಿ, ಒಂದ್ನಿಮಿಷ ಬನ್ನಿ. ನೀವು ನಮೀಬಿಯಾದಲ್ಲಿ ಇದ್ದೋರು. ಈ ಥರ್ಟಿ ಆಟ್ ಸಿಕ್ಸ್ ಅಂದ್ರೆ ಏನು?"

ಅವರ ಮಗ ಜೊಹಾನ್ಸ್‌ಬರ್ಗಿನಲ್ಲಿದ್ದಾನೆ. ಆಫೀಸಿನ ಗೆಳೆಯರು ಜೂನ್‌ನಲ್ಲಿ ನಮೀಬಿಯಾದ ಒಂದು ಫಾರ್ಮಿಗೆ ಬೇಟೆಗೆ ಹೊರಟು ಇವನನ್ನೂ ಕರೆದಿದ್ದಾರೆ. ರಾತ್ರಿ ಫೋನಿನಲ್ಲಿ ಬರೀ ತೋಟಾಗಳ ಹೆಸರೇ ಅಂತೆ. ಒಬ್ಬ .308 ಸಾಕು ಅಂತಾನೆ, ಇನ್ನೊಬ್ಬ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಇಲ್ಲದೆ ಬರಲೇಬೇಡ ಅಂತಾನೆ, ಮೂರನೆಯವನಿಗೆ .375 ಬೇಕು. ಮಗನಿಗೆ ತಲೆ ಕೆಟ್ಟು ಅಪ್ಪನನ್ನು ಕೇಳಿದ್ದಾನೆ. ಅಪ್ಪ ನನ್ನನ್ನು ಕೇಳುತ್ತಿದ್ದಾರೆ.

"ನಮ್ಮಲ್ಲಿ ಜಿಂಕೆ ಮುಟ್ಟಿದ್ರೆ ಜೈಲು. ಅಲ್ಲಿ ತೊಂದರೆ ಇಲ್ವಾ?"

ಇಲ್ಲ. ನಮ್ಮ 1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬಾಗಿಲು ಹಾಕಿದೆ. ಅಲ್ಲಿ ಪರವಾನಗಿ ಪಡೆದು, ನೋಂದಾಯಿತ ಮಾರ್ಗದರ್ಶಕನ ಜೊತೆ ಹೊಡೆಯಬಹುದು. ಕೋವಿಯ ಶಕ್ತಿ ಎಷ್ಟಿರಬೇಕು ಅಂತಲೂ ನಮೀಬಿಯಾದ ನಿಯಮವೇ ಹೇಳುತ್ತದೆ. ನಳಿಕೆಯ ಬಾಯಲ್ಲಿ ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಜಿಂಕೆಗೆ 1350 ಜೂಲ್, ಕುಡು, ಆರಿಕ್ಸ್, ವೈಲ್ಡ್‌ಬೀಸ್ಟ್, ಈಲಾಂಡ್‌ನಂಥ ದೊಡ್ಡವಕ್ಕೆ 2700. ಕಾಡೆಮ್ಮೆ, ಆನೆಗೆ 5400. ಜನ ಇಷ್ಟಪಡುವ .243ರ 100 ಗ್ರೇನ್ ತೋಟಾ ಸಾಮಾನ್ಯವಾಗಿ 2640ರ ಹತ್ತಿರ ನಿಂತುಬಿಡುತ್ತದೆ, ಕೂದಲೆಳೆಯಲ್ಲಿ ಕುಡು ಕೈತಪ್ಪಿತು. .30-06, ಅಂದರೆ ಅವರು ಕೇಳಿದ ಥರ್ಟಿ ಆಟ್ ಸಿಕ್ಸ್, ಸುಮಾರು 3900 ಕೊಡುತ್ತದೆ. ಆ ಹೆಸರಲ್ಲಿ 30 ಅಂದರೆ ಇಂಚಿನ ನೂರರಲ್ಲಿ ಮೂವತ್ತು ಪಾಲು, 06 ಅಂದರೆ 1906, ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ. ಮೂರು ವರ್ಷಕ್ಕೇ ಥಿಯೋಡೋರ್ ರೂಸ್‌ವೆಲ್ಟ್ ಅದನ್ನು ಪೂರ್ವ ಆಫ್ರಿಕಾಕ್ಕೆ ಒಯ್ದರು.

"ಹಾಗಾದ್ರೆ ಜೂಲ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನಿ."

ನಾನು ತಡೆಯಬೇಕಾಗಿ ಬಂದದ್ದು ಇಲ್ಲೇ. ತೋಟಾ ಅಂದರೆ ಹಿತ್ತಾಳೆ ಕೊಳವೆ, ಮದ್ದು, ಗುಂಡು ಎಲ್ಲ ಸೇರಿದ್ದು. ಪ್ರಾಣಿಗೆ ತಾಗುವುದು ಗುಂಡು ಮಾತ್ರ. "ಥರ್ಟಿ ಆಟ್ ಸಿಕ್ಸ್‌ಗೆ ಹೆಚ್ಚು ಜನ ಹಾಕೋದು 180 ಗ್ರೇನ್ ಗುಂಡು, ಆಚಾರ್ರೇ."

"180 ಗ್ರೇನಾ? ಅದು ಸರಿಯಾಗಿ ಒಂದು ತೊಲ ಅಲ್ವಾ!" ಅಂದವರೇ ಒಳಗೆ ಹೋಗಿ ಹಳೇ ಹಿತ್ತಾಳೆ ತೂಕದ ಬಟ್ಟು ತಂದು ನನ್ನ ಅಂಗೈಗೆ ಹಾಕಿದರು. ಮುಟ್ಟಿ ಮುಟ್ಟಿ ಅಂಚು ನುಣುಪಾಗಿದೆ. 11.66 ಗ್ರಾಂ. ಇಷ್ಟೇ ಭಾರ ಇನ್ನೂರೈವತ್ತು ಕೆಜಿ ಕುಡುವಿನ ಹೆಗಲಿನ ಎಲುಬು ದಾಟಿ ಎದೆಗೂಡು ಸೇರಬೇಕು. ಸೇರುವವರೆಗೂ ತೊಲ ತೊಲವಾಗಿಯೇ ಉಳಿಯಬೇಕು.

ಉಳಿಯದೇ ಹೋದದ್ದನ್ನು ನಾನು ಕಂಡಿದ್ದೇನೆ. ನಮೀಬಿಯಾದ ಗಣಿಯಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ಒಬ್ಬ ಅತಿಥಿ ಭಾರೀ ಮ್ಯಾಗ್ನಮ್ ತಂದಿದ್ದರು, ಒಳಗೆ ಹಗುರ, ಮೆತ್ತನೆ ಗುಂಡು. ಆರಿಕ್ಸ್ ಅರವತ್ತು ಮೀಟರಿನಲ್ಲೇ ಸಿಕ್ಕಿತು. ಹತ್ತಿರವಿದ್ದಷ್ಟೂ ಗುಂಡಿನ ವೇಗ ಹೆಚ್ಚು, ಮೆತ್ತನೆಯದು ಒಡೆಯುವುದೂ ಹೆಚ್ಚು. ಪ್ರಾಣಿ ಕುಸಿದು, ಎದ್ದು, ಮುಳ್ಳುಪೊದೆಗಳ ನಡುವೆ ಹೊರಟುಹೋಯಿತು. ಜಾಡು ಹಿಡಿಯುವವನು ಮಂಡಿಯೂರಿ ಒಂದು ಹುಲ್ಲೆಸಳನ್ನು ಬೆರಳಿಂದ ತಿರುಗಿಸಿ ತೋರಿಸಿದ. ಸಾಸಿವೆ ಕಾಳಿನಷ್ಟು ರಕ್ತ. ಅಂಥ ಸಾಸಿವೆಗಳ ಹಿಂದೆ ನಾಲ್ಕು ತಾಸು ನಡೆದೆವು. ಹೊತ್ತು ಮುಳುಗುವಾಗ ಸಿಕ್ಕಿತು, ಇನ್ನೂ ಜೀವ ಇತ್ತು. ಚರ್ಮ ಸುಲಿದು ನೋಡಿದರೆ ಗುಂಡಿನ ತಾಮ್ರದ ಹೊದಿಕೆ ಹೆಗಲಲ್ಲೇ ಹರಿದು ಬಿಚ್ಚಿಕೊಂಡಿತ್ತು, ಸೀಸ ಪುಡಿಪುಡಿಯಾಗಿ ಮಾಂಸದಲ್ಲೆಲ್ಲ ಹರಡಿತ್ತು. ಬಿಲ್ಟಾಂಗ್ ಮಾಡಿ ಒಣಗಿಸಬೇಕಾದ ಆ ಮುಂಗಾಲನ್ನು ಫಾರ್ಮಿನ ಹೆಂಗಸು ಮಾತಾಡದೆ ಎತ್ತಿ ಎಸೆದರು. ಆ ನಾಲ್ಕು ತಾಸು ನನಗೆ ಇವತ್ತಿಗೂ ಮರೆತಿಲ್ಲ.

ಆಚಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀಸಕ್ಕೂ ತಾಮ್ರಕ್ಕೂ ಬೆಸುಗೆ ಹಾಕಿರಲಿಲ್ವೇನೋ" ಅಂದರು.

ನನಗೆ ಮೈ ಜುಮ್ಮೆಂದಿತು. ಬೇಟೆಯ ಗಂಧಗಾಳಿ ಇಲ್ಲದ ಮನುಷ್ಯ ವಿಷಯದ ಮೂಲಕ್ಕೇ ಕೈ ಇಟ್ಟಿದ್ದರು. 1946ರಲ್ಲಿ ಜಾನ್ ನಾಸ್ಲರ್ ಎಂಬ ಅಮೆರಿಕನ್ ಕೆನಡಾದಲ್ಲಿ ಹೊಡೆದ ಮೂಸ್ ಕೂಡ ಹೀಗೇ ಬೀಳದೆ ನಿಂತಿತ್ತಂತೆ. ಅವರು ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಗೋಡೆಯೊಂದನ್ನು ಇಟ್ಟರು. ಮುಂದಿನ ಅರ್ಧ ಅರಳಲಿ, ಹಿಂದಿನ ಅರ್ಧ ಗಟ್ಟಿಯಾಗಿ ಒಳಗೆ ನುಗ್ಗಲಿ ಅಂತ. 1948ರಿಂದ ಅದು ಪಾರ್ಟಿಷನ್ ಹೆಸರಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಬಂದ ಬಾಂಡೆಡ್ ಗುಂಡುಗಳಲ್ಲಿ ಸೀಸವನ್ನು ಹೊದಿಕೆಗೆ ಬೆಸೆದೇ ಬಿಡುತ್ತಾರೆ. ಬಾರ್ನ್ಸ್ ಕಂಪನಿಯವರ ತಾಮ್ರದ ಗುಂಡಿನಲ್ಲಂತೂ ಸೀಸವೇ ಇಲ್ಲ, ಅಷ್ಟೂ ತಾಮ್ರ. ತೂಕ ಕಳೆದುಕೊಳ್ಳದ ಕಾರಣ 180ರ ಬದಲು 165 ಗ್ರೇನ್ ಆದರೂ ನಡೆಯುತ್ತದೆ. ನನ್ನ ಮನಸ್ಸು ತಾಮ್ರದ ಕಡೆಗೇ. ಮಾಂಸ ತಿನ್ನುವವರು ಫಾರ್ಮಿನ ಆಳುಗಳು, ಅವರ ಮಕ್ಕಳು. ಬಿಟ್ಟ ಕರುಳು ತಿನ್ನುವುದು ರಣಹದ್ದು. ಯಾರ ಹೊಟ್ಟೆಗೂ ಸೀಸ ಹೋಗಬಾರದು.

ಗುಂಡು ಸರಿಯಿದ್ದರೆ ಸಣ್ಣ ತೋಟಾವೂ ಸಾಕು. ಚಂಪಾವತ್‌ನ ಹುಲಿ ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ .275 ರಿಗ್ಬಿ ಕೋವಿಯ ತೋಟಾ ಬೇರೇನಲ್ಲ, ಬೋಯರ್ ರೈತರು ಬ್ರಿಟಿಷರ ಮೇಲೆ ಹಾರಿಸಿದ 7×57 ಮೌಸರ್. ದಕ್ಷಿಣ ಆಫ್ರಿಕಾದ ಕಡೆ ಈಗಲೂ ಅದು ಬಳಕೆಯಲ್ಲಿದೆ. ಒದೆತ ಕಡಿಮೆ. ಮ್ಯಾಗ್ನಮ್‌ನ ಒದೆತಕ್ಕೆ ಹೆದರಿದ ಹೆಗಲು ಕುದುರೆ ಎಳೆಯುವ ಮೊದಲೇ ಅದುರುತ್ತದೆ, ಗುರಿ ಒಂದು ಗೇಣು ಹಿಂದೆ ಹೋಗಿ ಹೊಟ್ಟೆಗೆ ಬೀಳುತ್ತದೆ.

ಕಾಂಪೌಂಡಿನ ಪಾಚಿ ಮೇಲೆ ಬೆರಳಲ್ಲೇ ಕುಡು ಬರೆದೆ. ಅಮೆರಿಕದ ಜಿಂಕೆ ಹೊಡೆದು ರೂಢಿಯಾದವರು ಹೆಗಲಿನ ಹಿಂದಕ್ಕೆ ಗುರಿ ಇಡುತ್ತಾರೆ. ಆಫ್ರಿಕಾದ ಈ ಪ್ರಾಣಿಗಳಲ್ಲಿ ಹೃದಯ ಮುಂದಕ್ಕೆ, ಕೆಳಗೆ, ಎರಡು ಹೆಗಲುಗಳ ನಡುವೆ ಇದೆ. ಮುಂಗಾಲಿನ ನೇರಕ್ಕೆ ಕಣ್ಣು ಮೇಲಕ್ಕೆ ತಂದು ಮೈಯ ಮೂರನೇ ಒಂದು ಪಾಲಿನಲ್ಲಿ ನಿಲ್ಲಿಸಬೇಕು. ಹಿಂದೆ ಇನ್ನೊಂದು ಪ್ರಾಣಿ ನಿಂತಿದ್ದರೆ ಹೊಡೆಯಲೇಬಾರದು, ಒಳ್ಳೆಯ ಗುಂಡು ಒಂದರಲ್ಲಿ ನಿಲ್ಲುವುದಿಲ್ಲ.

"ಅವನ ಹತ್ರ ಕೋವಿ ಎಲ್ಲಿದೆ? ಫಾರ್ಮಿನವರೇ ಬಾಡಿಗೆಗೆ ಕೊಡ್ತಾರಂತೆ" ಅಂದರು ಆಚಾರ್ರು.

"ಕೊಡಲಿ. ಯಾವ ಕೋವಿ ಅಂತ ಕೇಳೋದು ಬೇಡ. ಒಳಗಿರೋ ಗುಂಡು ಯಾವುದು ಅಂತ ಕೇಳಲಿ, ಡಬ್ಬಿ ನೋಡಲಿ. ಹೋದ ದಿನವೇ ಮೂರು ಕಾಲಿನ ಕೋಲಿನ ಮೇಲೆ ಇಟ್ಟು ಹತ್ತು ಈಡು ಹಾರಿಸಿ ಕೈ ಪಳಗಿಸಿಕೊಳ್ಳಲಿ."

ಆಚಾರ್ರು ತೂಕದ ಬಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗಿ ಜೇಬಿಗೆ ಹಾಕಿಕೊಂಡರು. "ರಾತ್ರಿ ಫೋನ್ ಮಾಡ್ತಾನೆ. ಬೆಸುಗೆ ಹಾಕಿದ್ದಾ, ಪೂರ್ತಿ ತಾಮ್ರದ್ದಾ, ಕೇಳಿ ಹೇಳು ಅಂತೀನಿ."